ಅದು ನಮ್ಮ ರಜೆ ಅಲ್ಲ, ಅವರ ರೇಸು

ನಿನ್ನೆ ರಾತ್ರಿ ನಮ್ಮ ಮನೆಯವರು ಹಾಕಿದ ಫೋಟೋ ನೀವೆಲ್ಲ ನೋಡಿದಿರಲ್ಲ? ಟೆಂಟಿನ ಮುಂದೆ ನಾವು ನಾಲ್ವರು, ಇವರ ಕೊರಳಲ್ಲಿ ಮೆಡಲ್, ಮಗನ ಮೂತಿ ತುಂಬಾ ಐಸ್‌ಕ್ರೀಂ. ಮೇಲೊಂದು ಸಾಲು: 'ರೋಟ್‌ನಲ್ಲಿ ಫ್ಯಾಮಿಲಿ ಕ್ಯಾಂಪಿಂಗ್, ಮರೆಯಲಾಗದ ರಜೆ!' ಕೆಳಗೆ ನನ್ನ ಚಿಕ್ಕಮ್ಮನ ಮಗಳ ಕಾಮೆಂಟು: 'ನಿನಗೇನು ಬಿಡಕ್ಕಾ, ಬೇಸಿಗೆ ಬಂತು ಅಂದ್ರೆ ಕ್ಯಾಂಪಿಂಗು, ಪುಣ್ಯ ಮಾಡಿದೀಯ.' ಆ ಕಾಮೆಂಟಿಗೆ ಬಿದ್ದ ಮೊದಲ ಲೈಕು ಯಾರದ್ದು ಅಂದುಕೊಂಡಿರಿ? ನಮ್ಮ ಮನೆಯವರದ್ದೇ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬಾಲ್ಕನಿಯಲ್ಲಿ ಟೆಂಟು ಇನ್ನೂ ಒಣಗುತ್ತಿದೆ. ಎರಡು ಚೀಲ ಬಟ್ಟೆ ಒಗೆಯುವುದಿದೆ. ಬಚ್ಚಲಲ್ಲಿ ಇವರ ವೆಟ್‌ಸೂಟು, ಅದೇ ಈಜುವಾಗ ಮೈತುಂಬ ಹಾಕುವ ರಬ್ಬರ್ ಉಡುಪು, ನೇತಾಡುತ್ತಿದೆ, ರಾತ್ರಿ ನಿದ್ದೆಗಣ್ಣಲ್ಲಿ ಅದನ್ನು ನೋಡಿ ಯಾರೋ ನಿಂತಿದ್ದಾರೆ ಅಂತ ಕಿರುಚಿಬಿಟ್ಟೆ. ರಜೆ ಮುಗಿಸಿ ಬಂದವಳ ಸ್ಥಿತಿ ಇದು.

ನಾವು ಜರ್ಮನಿಯ ಎರ್ಲಾಂಗನ್‌ಗೆ ಬಂದ ಕಥೆ ನಿಮಗೆ ಗೊತ್ತು. ಬೆಂಗಳೂರಲ್ಲಿ ಹಾಲು ತರೋಕೂ ಸ್ಕೂಟರ್ ತೆಗೆಯುತ್ತಿದ್ದ ಮನುಷ್ಯ ಇಲ್ಲಿ ಆಫೀಸಿನವರ ಸಹವಾಸದಿಂದ ಓಡೋಕೆ ಶುರು ಮಾಡಿದ್ದೂ ಗೊತ್ತು. ಓಟ ಸಾಲದೆ ಸೈಕಲ್ ಬಂತು. ಸೈಕಲ್ ಸಾಲದೆ ಈಜು. ಮೂರೂ ಸೇರಿದರೆ ಟ್ರಯಥ್ಲಾನ್, ಟ್ರಯಥ್ಲಾನ್ ಅಂದಮೇಲೆ ಈ ಕಡೆಯವರಿಗೆ ರೋಟ್. ನ್ಯೂರೆಂಬರ್ಗ್‌ನ ದಕ್ಷಿಣಕ್ಕಿರುವ ಪುಟ್ಟ ಊರು. 1984ರಿಂದ ಅಲ್ಲಿ ಟ್ರಯಥ್ಲಾನ್ ನಡೆಯುತ್ತಿದೆ, 2002ರಿಂದ ಅದರ ಹೆಸರು ಚಾಲೆಂಜ್ ರೋಟ್. 3.8 ಕಿಲೋಮೀಟರ್ ಈಜು, ಸುಮಾರು 180 ಕಿಲೋಮೀಟರ್ ಸೈಕಲ್, ಆಮೇಲೆ ಒಂದು ಪೂರ್ತಿ ಮ್ಯಾರಥಾನ್, ಅಂದರೆ 42.2. ಎಲ್ಲ ಒಂದೇ ದಿನ. ದುಡ್ಡು ಕೊಟ್ಟು ಇದನ್ನು ಮಾಡುತ್ತಾರೆ. ಸೀಟುಗಳು ಆನ್‌ಲೈನಲ್ಲಿ ಒಂದು ನಿಮಿಷ ತುಂಬುವುದರೊಳಗೆ ಖಾಲಿ. ತತ್ಕಾಲ್ ಟಿಕೆಟ್ಟೇ ವಾಸಿ.

ಇರಲಿ. ಅವರ ಕಾಲು, ಅವರ ಮಂಡಿ. ನನ್ನ ತಕರಾರು ಅದಲ್ಲ. ನನ್ನ ತಕರಾರು ಒಂದೇ: ಇದನ್ನು ನನ್ನ ರಜೆ ಅಂತ ಕರೆಯಬೇಡಿ.

ಯಾಕೆ ಅಂತ ಹೇಳುತ್ತೇನೆ ಕೇಳಿ. ರೇಸು ಭಾನುವಾರ. ಆದರೆ ಹೋಗುವುದು ಗುರುವಾರವೇ, ಯಾಕೆಂದರೆ ನಂಬರು ತಗೋಬೇಕು, ಮೀಟಿಂಗಿಗೆ ಹೋಗಬೇಕು, ಶನಿವಾರ ಸೈಕಲ್ ಒಪ್ಪಿಸಿ ಬರಬೇಕು. ಕಾರಿನಲ್ಲಿ ಮೊದಲ ಜಾಗ ಸೈಕಲ್ಲಿಗೆ. ಎರಡನೆಯದು ಸೈಕಲ್ಲಿನ ಪಂಪಿಗೆ. ಮಗಳ ಬಣ್ಣದ ಪುಸ್ತಕ, ಮಗನ ಫುಟ್‌ಬಾಲು ನನ್ನ ಕಾಲ ಕೆಳಗೆ. ಟೆಂಟ್ ಹೊಡೆಯುವುದು ಯಾರು? ನಾನು. ಇವರು ಬಗ್ಗುವ ಹಾಗಿಲ್ಲ, ಟೇಪರ್ ನಡೀತಿದೆ. ಟೇಪರ್ ಅಂದರೆ ರೇಸಿಗೆ ಮುಂಚಿನ ಎರಡು ಮೂರು ವಾರ ಪ್ರಾಕ್ಟೀಸು ಇಳಿಸಿ ಮೈಗೆ ವಿಶ್ರಾಂತಿ ಕೊಡುವುದು. ಶಾಸ್ತ್ರ ಸರಿಯಾಗೇ ಇದೆ, ಅದರಿಂದ ಮೈಯಲ್ಲಿ ಶಕ್ತಿ ಉಳಿಯುತ್ತದೆ. ಆದರೆ ಉಳಿದ ಶಕ್ತಿಯೆಲ್ಲ ಸಿಡುಕಿಗೆ ಹೋಗುತ್ತದೆ ಅನ್ನುವುದನ್ನು ಯಾವ ಕೋಚೂ ಹೆಂಡತಿಯರಿಗೆ ಹೇಳಿಕೊಡುವುದಿಲ್ಲ. ಪಕ್ಕದ ಟೆಂಟಿನ ಮಗು ಸೀನಿತು ಅಂತ ನಾವು ನಮ್ಮ ಟೆಂಟು ಕಿತ್ತು ಆಚೆ ತುದಿಗೆ ಹೋಗಿ ಹೊಡೆದೆವು. ಹೊಡೆದೆವು ಅಂದರೆ, ಹೊಡೆದೆ.

ಊಟದ ವಿಷಯಕ್ಕೆ ಬನ್ನಿ. ರೇಸಿಗೆ ಎರಡು ದಿನ ಮುಂಚಿನಿಂದ ನಾರಿನಂಶ ಬೇಡ. ಸೈಕಲ್ ಮೇಲೆ ಹೊಟ್ಟೆ ಕೆಡಬಾರದು ನೋಡಿ. ಅಂದರೆ ಬೇಳೆ ಇಲ್ಲ, ಕಾಳಿಲ್ಲ, ಸೊಪ್ಪಿಲ್ಲ, ತರಕಾರಿ ಇಲ್ಲ. ಖಾರ ಇಲ್ಲ. ಇರುವುದೊಂದೇ ಪುಟಾಣಿ ಗ್ಯಾಸ್ ಸ್ಟವ್, ಎರಡೆರಡು ಅಡುಗೆ ಎಲ್ಲಿಂದ ಮಾಡಲಿ? ಹಾಗಾಗಿ ಇಡೀ ಸಂಸಾರಕ್ಕೆ ಬಿಳಿ ಅನ್ನ, ಉಪ್ಪು. ನಾನು ಡಬ್ಬಿಯಲ್ಲಿ ತಂದಿದ್ದ ಪುಳಿಯೋಗರೆ ಗೊಜ್ಜನ್ನು ಕಾರಿನೊಳಗೆ ಕೂತು ಕದ್ದು ತಿಂದೆ. ವಾಸನೆ ಬಂದರೆ ಅವರಿಗೆ ಆಸೆಯಾಗುತ್ತದಂತೆ! ಅತ್ತೆ ವಿಡಿಯೋ ಕಾಲ್ ಮಾಡಿದವರು ತಮ್ಮ ಮಗನ ಮುಖ ನೋಡಿ ನೊಂದುಕೊಂಡರು. "ಎಷ್ಟು ಸೊರಗಿದಾನೆ ನೋಡಮ್ಮ, ಹೊಟ್ಟೆಗೆ ಏನಾದ್ರೂ ಮಾಡಿ ಹಾಕ್ತಿದೀಯೋ ಇಲ್ವೋ?" ಅಂದರು. ಮಾಡಿ ಹಾಕುತ್ತಿದ್ದೇನೆ ಅತ್ತೆ. ಗಂಟೆಗೆ ಇಷ್ಟು ಗ್ರಾಂ ಸಕ್ಕರೆ ಅಂತ ಲೆಕ್ಕ ಹಾಕಿ, ರೇಸಿನಲ್ಲಿ ಹೀರುವ ಜೆಲ್ ಪೊಟ್ಟಣಗಳನ್ನು ಜೋಡಿಸುತ್ತಿದ್ದೇನೆ.

ನಿದ್ದೆ ಅಂತೂ ಕೇಳಲೇಬೇಡಿ. ಜುಲೈ ಶುರುವಿನಲ್ಲಿ ಇಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತು ಇಪ್ಪತ್ತರ ಹೊತ್ತಿಗೆ. ಇವರು ಎಂಟೂವರೆಗೆ ಮಲಗಬೇಕು. ಹೊರಗೆ ಫಳಫಳ ಬೆಳಕು, ಮಕ್ಕಳಿಗೆ "ಶ್ ಶ್" ಅನ್ನುತ್ತಾ ನಾನು ಟೆಂಟಿನ ಬಾಗಿಲು ಕಾಯುತ್ತಾ ಕೂತಿದ್ದೇನೆ. ಬೆಳಗಿನ ಜಾವ ಮೂರೂವರೆಗೆ ಅಲಾರಂ. ಏಳುವುದು ಎಲ್ಲರೂ.

ಆಮೇಲೆ ಕಾಲುವೆ ಹತ್ತಿರ. ಇದೊಂದನ್ನು ಒಪ್ಪಿಕೊಳ್ಳಬೇಕು, ಚೆಂದವಿದೆ. ಮೈನ್-ಡಾನ್ಯೂಬ್ ಕಾಲುವೆಯಲ್ಲಿ ಆ ದಿನ ಹಡಗುಗಳನ್ನು ನಿಲ್ಲಿಸಿಬಿಡುತ್ತಾರೆ. ಆಕಾಶದಲ್ಲಿ ಬಿಸಿಗಾಳಿ ಬಲೂನುಗಳು. ಆರೂವರೆಗೆ ಮೊದಲ ಗುಂಪು ನೀರಿಗಿಳಿಯುತ್ತದೆ, ಆಮೇಲೆ ಗುಂಪು ಗುಂಪಾಗಿ ಫಿರಂಗಿ ಸದ್ದಿಗೆ ಹೊರಡುತ್ತಾರೆ. ಮೂರು ಸಾವಿರಕ್ಕೂ ಜಾಸ್ತಿ ಜನ, ಎಲ್ಲರದ್ದೂ ಕಪ್ಪು ವೆಟ್‌ಸೂಟು, ಒಂದು ಗುಂಪಿನವರಿಗೆಲ್ಲ ಒಂದೇ ಬಣ್ಣದ ಟೋಪಿ. ನಮ್ಮ ಅಪ್ಪ ಯಾರು ಅಂತ ತಿಳಿಯದೆ ಮಗ ಪ್ರತಿಯೊಬ್ಬರಿಗೂ "ಅಪ್ಪಾ, ಅಪ್ಪಾ" ಅಂತ ಕೈಬೀಸಿದ. ಒಬ್ಬ ಜರ್ಮನ್ ಮುದುಕರು ವಾಪಸ್ ಕೈಬೀಸಿದರು ಕೂಡ.

ಅಲ್ಲಿಂದ ಸೋಲಾರರ್ ಬೆರ್ಗ್. ಹಿಲ್‌ಪೋಲ್ಟ್‌ಸ್ಟೈನ್ ಊರಿನ ಏರು ರಸ್ತೆ. ಸೈಕಲ್ಲಿನವರು ಅದನ್ನು ಎರಡು ಸಲ ಹತ್ತುತ್ತಾರೆ. ಸಾವಿರಾರು ಜನ ರಸ್ತೆಗೇ ನುಗ್ಗಿ ನಿಂತು, ಒಂದು ಸೈಕಲ್ಲಿಗಾಗುವಷ್ಟೇ ಜಾಗ ಬಿಟ್ಟು ಕಿವಿ ಕಿತ್ತು ಹೋಗುವ ಹಾಗೆ ಕೂಗುತ್ತಾರೆ. ನಾವೂ ಕೂಗಿದೆವು. ಆದರೆ ಅದರ ಹಿಂದಿನ ಲೆಕ್ಕ ನೋಡಿ. ಮಗನಿಗೆ ಶೌಚಕ್ಕೆ ಹೋಗಬೇಕು, ಸಾಲು ಕಣ್ಣಿಗೆ ಕಾಣುವಷ್ಟು ದೂರ. ಮಗಳಿಗೆ ಬಿಸಿಲು. ಫೋನಿನ ಬ್ಯಾಟರಿ ಕೆಂಪಾಗಿದೆ, ಆ್ಯಪ್ ನೋಡದಿದ್ದರೆ ಇವರು ಯಾವಾಗ ಬರುತ್ತಾರೆ ಗೊತ್ತಾಗುವುದಿಲ್ಲ. ಗಂಟೆಗಟ್ಟಲೆ ಕಾದಮೇಲೆ ಇವರು ಬರುತ್ತಾರೆ. ನಮ್ಮನ್ನು ನೋಡುವುದೂ ಇಲ್ಲ. ಹತ್ತು ಸೆಕೆಂಡ್, ಬೆನ್ನು ಕಾಣಿಸುತ್ತದೆ, ಹೋದರು. ಮತ್ತೆ ಎರಡನೇ ಸುತ್ತಿಗೆ ಕಾಯಿರಿ.

ಮಗಳು ಕೇಳಿದಳು, "ಅಮ್ಮ, ಅಪ್ಪ ಗೆಲ್ತಾರಾ?"

"ಇಲ್ಲ ಪುಟ್ಟ."

"ಮತ್ಯಾಕೆ ಹೋಗ್ತಾರೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. 2024ರಲ್ಲಿ ಇದೇ ರಸ್ತೆಗಳಲ್ಲಿ ಡೆನ್ಮಾರ್ಕಿನ ಮ್ಯಾಗ್ನಸ್ ಡಿಟ್ಲೆವ್ 7 ಗಂಟೆ 23 ನಿಮಿಷದಲ್ಲಿ ಮೂರನ್ನೂ ಮುಗಿಸಿ ಗೆದ್ದರು. ಹೆಂಗಸರಲ್ಲಿ ಗೆದ್ದ, ನಾವಿರುವ ಬವೇರಿಯಾ ರಾಜ್ಯದವರೇ ಆದ ಆನ್ನೆ ಹೌಗ್ ಅದೇ ದಿನ 8 ಗಂಟೆ 2 ನಿಮಿಷದಲ್ಲಿ. ನಮ್ಮವರು ಹದಿಮೂರು ಗಂಟೆಗೆ ಸ್ವಲ್ಪ ಮೇಲೆ. ಅಂದರೆ ಡಿಟ್ಲೆವ್ ಆಗಿದ್ದರೆ ಮುಗಿಸಿ, ಸ್ನಾನ ಮಾಡಿ, ಊಟ ಮಾಡಿ, ಒಂದು ಒಳ್ಳೆ ನಿದ್ದೆ ತೆಗೆದು ಎದ್ದು ಬಂದಿರುತ್ತಿದ್ದರು. ಹೀಯಾಳಿಸುತ್ತಿಲ್ಲ. ಹದಿಮೂರು ಗಂಟೆ ಸಣ್ಣದಲ್ಲ. ಆ ಹದಿಮೂರು ಗಂಟೆ ನಾನೂ ನಿಂತೇ ಇದ್ದೆ ಅಂತ ಹೇಳುತ್ತಿದ್ದೇನೆ ಅಷ್ಟೇ.

ಇದನ್ನೆಲ್ಲ ಇವರ ಮುಂದೆ ಹೇಳಿದರೆ ಉತ್ತರ ಸಿದ್ಧ. "ಮಕ್ಕಳಿಗೆ ಎಂಥ ಸ್ಫೂರ್ತಿ ಗೊತ್ತಾ?" ಆಗಲಿ ರೀ, ಒಪ್ಪಿದೆ. ಬಿಡದೆ ಗುರಿ ಮುಟ್ಟುವುದನ್ನು ಮಕ್ಕಳು ಕಣ್ಣಾರೆ ನೋಡುತ್ತಾರೆ, ಟಿವಿ ಮುಂದೆ ಕೂತಿರುವುದಕ್ಕಿಂತ ಎಷ್ಟೋ ಮೇಲು. ಆದರೆ ಮಕ್ಕಳು ಇನ್ನೊಂದನ್ನೂ ನೋಡುತ್ತಿವೆಯಲ್ಲ? ಅಪ್ಪನಿಗೆ ಆಸೆ ಇದ್ದರೆ ಇಡೀ ಮನೆ ಟೆಂಟು ಹೊತ್ತುಕೊಂಡು ಹಿಂದೆ ಹೋಗುತ್ತದೆ. ಅಮ್ಮನಿಗೆ ಆಸೆ ಇದ್ದರೆ? ಅಮ್ಮನ ವೀಣೆ ಪರೀಕ್ಷೆಗೆ ಯಾರಾದರೂ ಕ್ಯಾಂಪ್ ಹಾಕಿದ್ದರಾ? (ವೀಣೆ ಸೋಫಾ ಹಿಂದೆ ಇದೆ. ಅದರ ಮೇಲೆ ಈಗ ಸೈಕಲ್ಲಿನ ಟಯರು.)

ಇನ್ನು ಕೆಲವರು ಹೇಳುತ್ತಾರೆ, ದಾರಿಯುದ್ದಕ್ಕೂ ಸಾವಿರಾರು ಸ್ವಯಂಸೇವಕರು ಇರುತ್ತಾರಲ್ಲ, ನೀರು ಬಾಳೆಹಣ್ಣು ಎಲ್ಲ ಅವರೇ ಕೊಡುತ್ತಾರೆ, ನಿನಗೇನು ಕೆಲಸ ಅಂತ. ನಿಜ. ರೋಟ್‌ನ ಆ ಸ್ವಯಂಸೇವಕರಿಗೆ ಕೈಮುಗಿಯಬೇಕು. ಆದರೆ ಶನಿವಾರ ರಾತ್ರಿ ಎಡಗಾಲಿನ ಸಾಕ್ಸು ಕಾಣೆಯಾದಾಗ ಟಾರ್ಚ್ ಹಿಡಿದು ಕಾರಿನ ಸೀಟಿನಡಿ ತೂರಿದ್ದು ಯಾವ ಸ್ವಯಂಸೇವಕರೂ ಅಲ್ಲ.

ಈ ಆಟದ ಹುಟ್ಟಿನ ಕಥೆ ಓದಿದ ಮೇಲೆ ನನಗೆ ಕೋಪ ಇನ್ನೂ ಜಾಸ್ತಿಯಾಗಿದೆ. ಇಷ್ಟೇ ಉದ್ದದ ಮೊದಲ ರೇಸು ಐರನ್‌ಮ್ಯಾನ್. ಅದು ಶುರುವಾಗಿದ್ದು 1978ರಲ್ಲಿ, ಹವಾಯಿಯ ಓವಾಹು ದ್ವೀಪದಲ್ಲಿ. ಶುರು ಮಾಡಿದ್ದು ಅಮೆರಿಕದ ನೌಕಾಪಡೆಯ ಜಾನ್ ಕಾಲಿನ್ಸ್ ಅಂತ ಎಲ್ಲರೂ ಹೇಳುತ್ತಾರೆ. ಅವರ ಹೆಂಡತಿ ಜೂಡಿ ಕಾಲಿನ್ಸ್ ಕೂಡ ಜೊತೆಗೇ ಸೇರಿ ಶುರು ಮಾಡಿದ್ದು, ಆ ಹೆಸರು ನಮ್ಮ ಮನೆಯವರ ಬಾಯಲ್ಲಿ ಒಮ್ಮೆಯೂ ಬಂದಿಲ್ಲ. ಅವತ್ತು ಹೊರಟವರು 15 ಜನ, ಮುಗಿಸಿದವರು 12. ಗೆದ್ದದ್ದು ಗಾರ್ಡನ್ ಹಾಲರ್, 11 ಗಂಟೆ 46 ನಿಮಿಷ. ಆಗ ದಾರಿಯಲ್ಲಿ ನೀರು ಕೊಡುವವರು ಯಾರೂ ಇರಲಿಲ್ಲ. ಪ್ರತಿಯೊಬ್ಬರೂ ತಮ್ಮ ಸಹಾಯಕ್ಕೆ ತಮ್ಮದೇ ಜನರನ್ನು ಕರೆದುಕೊಂಡು ಬರಬೇಕಿತ್ತು. ಜಾನ್ ಡನ್‌ಬಾರ್ ಅನ್ನುವವರು ಓಟದಲ್ಲಿ ಮುಂದಿದ್ದರಂತೆ, ಅವರ ಕಡೆಯವರ ಹತ್ತಿರ ನೀರು ಮುಗಿದು ಬಿಯರ್ ಕೊಟ್ಟರಂತೆ, ಅವರು ಎರಡನೆಯವರಾದರು. ಟ್ರಯಥ್ಲಾನ್ ಮಂದಿ ನಗುನಗುತ್ತಾ ಹೇಳುವ ಕಥೆ ಇದು. ನನಗೆ ನಗು ಬರಲಿಲ್ಲ. ಆ ಬಿಸಿಲಲ್ಲಿ ಇಡೀ ದಿನ ಅವರ ಹಿಂದೆ ಸುತ್ತಿದವರು ಯಾರು? ಹಾಲರ್ ಹೆಸರಿದೆ, ಡನ್‌ಬಾರ್ ಹೆಸರಿದೆ, ಬಿಯರ್ ಕೂಡ ಚರಿತ್ರೆಗೆ ಸೇರಿದೆ. ಅದನ್ನು ಕೈಗೆ ಕೊಟ್ಟವರು ಮದುವೆಮನೆಯ ಅಡುಗೆ ಭಟ್ಟರ ಹಾಗೆ, ಫೋಟೋದಲ್ಲಿ ಇಲ್ಲ. ಅವರ ಊರಿನವರೂ 'ಒಳ್ಳೆ ರಜೆ ಅಲ್ವಾ' ಅಂದಿರಬೇಕು.

ಈಗ ಒಂದು ವಿಷಯ ಹೇಳುತ್ತೇನೆ, ಇವರಿಗೂ ಹೇಳಿಲ್ಲ.

ರಾತ್ರಿ ಸ್ಟೇಡಿಯಮ್ಮಿನಲ್ಲಿ ಇವರು ಬರುವುದನ್ನು ಕಾಯುತ್ತಿದ್ದೆ. ರೋಟ್‌ನಲ್ಲಿ ಕೊನೆಯ ಕೆಲವು ಮೀಟರ್ ಮನೆಯವರೂ ಜೊತೆಗೆ ಓಡಬಹುದು. ಐರನ್‌ಮ್ಯಾನ್ ಹೆಸರಿನ ರೇಸುಗಳಲ್ಲಿ ಹಾಗೆ ಮಾಡಿದರೆ ಅನರ್ಹ ಮಾಡುತ್ತಾರೆ. ಮಕ್ಕಳು ಇವರ ಕೈಹಿಡಿದು ಓಡಿದವು. ಇವರ ಮುಖದ ತುಂಬಾ ಉಪ್ಪು, ಕಣ್ಣಲ್ಲಿ ನೀರು. ನನಗೂ ಅಳು ಬಂತು. ಸಂತೋಷಕ್ಕೆ ಅಂತ ಇವರು ಅಂದುಕೊಂಡರು. ಅಲ್ಲ. ಹೊಟ್ಟೆಕಿಚ್ಚಿಗೆ. ಮೆಡಲ್ಲಿಗಲ್ಲ, ಚಪ್ಪಾಳೆಗೂ ಅಲ್ಲ. ಹದಿಮೂರು ಗಂಟೆ ಈ ಮನುಷ್ಯನನ್ನು ಯಾರೂ ಏನೂ ಕೇಳಿಲ್ಲ. ಫೋನ್ ಇಲ್ಲ. ನೀರಿನ ಬಾಟಲಿ ಎಲ್ಲಿ ಅಂತ ಕೇಳುವವರಿಲ್ಲ. ಇವನು ನನ್ನನ್ನು ಹೊಡೆದ ಅಂತ ದೂರು ತರುವವರಿಲ್ಲ. ಬರೀ ಮುಂದಕ್ಕೆ ಹೋಗುವುದೊಂದೇ ಕೆಲಸ. ಮಗಳು ಹುಟ್ಟಿದ ಮೇಲೆ ಅಂಥ ಒಂದು ದಿನ ನನಗೆ ಸಿಕ್ಕಿಲ್ಲ. ಮಂಡಿ ನೋವು ಬೇಕಾದರೆ ಜೊತೆಗೆ ಕೊಡಿ, ತಗೋತೇನೆ.

ನೋಡಿ, ಇವರು ಕೆಟ್ಟವರಲ್ಲ. ಪಾತ್ರೆ ತೊಳೆಯುತ್ತಾರೆ, ಮಕ್ಕಳನ್ನು ಶಾಲೆಗೆ ಬಿಡುತ್ತಾರೆ, ನನಗೆ ಹುಷಾರಿಲ್ಲದಾಗ ಗಂಜಿ ಮಾಡುತ್ತಾರೆ. ಮುಂದಿನ ವರ್ಷದ ರೇಸಿಗೂ ನಾನು ಬರುತ್ತೇನೆ, ಟೆಂಟೂ ಹೊಡೆಯುತ್ತೇನೆ, ಸೋಲಾರರ್ ಬೆರ್ಗಿನಲ್ಲಿ ಗಂಟಲು ಕಟ್ಟುವ ತನಕ ಕೂಗುತ್ತೇನೆ. ಆದರೆ ಫೋಟೋ ಮೇಲೆ 'ನನ್ನ ರೇಸು, ಇವಳ ದುಡಿಮೆ' ಅಂತ ಬರೆಯಲಿ. ರಜೆ ಅಂತ ಬರೆದು ಲೈಕ್ ಒತ್ತುವುದು ಬೇಡ.

ಚಿಕ್ಕಮ್ಮನ ಮಗಳೇ, ನಿನಗೆ ನಿಜವಾಗಿಯೂ ಆಸೆ ಇದ್ದರೆ ಮುಂದಿನ ಜುಲೈಗೆ ಬಾ. ಸ್ಟವ್ ನಿನ್ನದೇ.

ಮತ್ತೆ, ಶರತ್ಕಾಲದ ಶಾಲಾ ರಜೆಯಲ್ಲಿ ನಾನೊಬ್ಬಳೇ ಮೂರು ರಾತ್ರಿ ಹೊರಗೆ ಹೋಗುತ್ತಿದ್ದೇನೆ. ಗೋಡೆ ಇರುವ ರೂಮು. ಮಂಚ ಇದೆ. ಬುಕ್ ಮಾಡಿ ಆಯಿತು, ದುಡ್ಡು ವಾಪಸ್ ಬರುವುದಿಲ್ಲ. ಇದನ್ನು ಪೋಸ್ಟ್ ಮಾಡುವ ಮುಂಚೆ ಇವರಿಗೆ ಓದಲು ಕೊಟ್ಟೆ. ಪೂರ್ತಿ ಓದಿದರು. ಹೊಟ್ಟೆಕಿಚ್ಚಿನ ಸಾಲಿನ ಹತ್ತಿರ ಸ್ವಲ್ಪ ಹೊತ್ತು ನಿಂತರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಆ ಮೂರು ದಿನ ಮಕ್ಕಳಿಗೆ ಏನು ಮಾಡಿ ಹಾಕ್ಲಿ?"

"ಬಿಳಿ ಅನ್ನ, ಉಪ್ಪು" ಅಂದೆ.