ಪಾರ್ಕಿಂಗ್ ಉಂಟು, ಬರುವವರು ಎಲ್ಲಿ?

ನಮ್ಮ ತೆರಿಗೆ ಸಲಹೆಗಾರರ ಸಂಘದ ಹೊಸ ಆಫೀಸಿನ ಉದ್ಘಾಟನೆ ಮುಗಿಸಿ ಈಗಷ್ಟೇ ಮನೆಗೆ ಬಂದೆ. ಬಿಪಿ ಮಾತ್ರೆ ನುಂಗಿ ಬರೆಯುತ್ತಿದ್ದೇನೆ, ಸ್ವರ ಸ್ವಲ್ಪ ಏರಿದರೆ ಕ್ಷಮೆ ಇರಲಿ.

ಮಂಗಳೂರು ಪೇಟೆಯಿಂದ ಹೊರಗೆ, ಕೂಳೂರು ಸೇತುವೆ ದಾಟಿ, ಹೆದ್ದಾರಿ ಬದಿಯ ಕಾಂಪ್ಲೆಕ್ಸು. ಎಸಿ ಹಾಲ್, ಗೋಡೆ ತುಂಬ ಟಿವಿ, ಅಧ್ಯಕ್ಷರಿಗೆ ಬೇರೆಯೇ ಚೇಂಬರ್. ಕೆಳಗೆ ವಿಶಾಲ ಪಾರ್ಕಿಂಗ್. ಭಾಷಣ ಮಾಡಿದವರೆಲ್ಲ ಆ ಪಾರ್ಕಿಂಗ್ ಹೊಗಳಿದ್ದೇ ಹೊಗಳಿದ್ದು. ಸಂಘ ಕಟ್ಟಿದ್ದೇ ಕಾರು ನಿಲ್ಲಿಸಲಿಕ್ಕೆ ಅಂತ ನನಗೆ ಇವತ್ತು ಗೊತ್ತಾಯಿತು.

ಪೇಟೆ ನಡುವಿನ ಹಂಪನಕಟ್ಟೆಯ ನಮ್ಮ ಹಳೆ ಆಫೀಸಿನ ಕೋಣೆ ನಿಮಗೆಲ್ಲ ಗೊತ್ತಲ್ಲ. ಮೂರನೇ ಮಾಳಿಗೆ, ಲಿಫ್ಟ್ ಇಲ್ಲ, ಮಳೆಗಾಲದಲ್ಲಿ ಕಿಟಕಿ ಬದಿಯ ಪುಸ್ತಕದ ಕಪಾಟಿಗೆ ಪ್ಲಾಸ್ಟಿಕ್ ಹೊದೆಸಬೇಕು. ಚಂದದ ಜಾಗ ಅಂತ ನಾನು ಯಾವತ್ತೂ ಹೇಳಿಲ್ಲ. ಆದರೆ ಪುತ್ತೂರಿಂದಲೋ ಬೆಳ್ತಂಗಡಿಯಿಂದಲೋ ಬಸ್ಸಿನಲ್ಲಿ ಬಂದವರು ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ನಡೆದೇ ಬರುತ್ತಿದ್ದರು. ಆದಾಯ ತೆರಿಗೆ ಆಫೀಸಿನ ಕೆಲಸಕ್ಕೆ ಅತ್ತಾವರಕ್ಕೆ ಹೋದವರು ವಾಪಸ್ ಬರುವಾಗ ಸುಮ್ನೆ ಒಮ್ಮೆ ಮೇಲೆ ಹತ್ತುತ್ತಿದ್ದರು. ಒಂದು ಚಾ, ಒಂದು ನೋಟಿಸಿನ ಜೆರಾಕ್ಸ್, "ಸರ್, ಇದಕ್ಕೆ ಎಂತ ಉತ್ತರ ಕೊಡುವುದು?" ಸಂಘ ಅಂದರೆ ಅಷ್ಟೇ ಮಾರಾಯ್ರೆ. ಬೇರೆಂತ ಉಂಟು ಅದರಲ್ಲಿ?

2017ರ ಜುಲೈ ನೆನಪು ಮಾಡಿಕೊಳ್ಳಿ. ಜಿಎಸ್‌ಟಿ ಬಂದ ತಿಂಗಳು. ಪೋರ್ಟಲ್ ತೆರೆಯುವುದಿಲ್ಲ, ಹಳೆ ವ್ಯಾಟ್ ತೆರಿಗೆಯಲ್ಲಿ ಉಳಿದ ಕ್ರೆಡಿಟ್ಟನ್ನು ಟ್ರಾನ್-1 ಫಾರ್ಮಿನಲ್ಲಿ ಜಿಎಸ್‌ಟಿಗೆ ಹೇಗೆ ತರುವುದು ಅಂತ ಒಬ್ಬೊಬ್ಬರದ್ದು ಒಂದೊಂದು ಪಂಥ. ಆ ಕೋಣೆಯಲ್ಲಿ ಕೂರಲಿಕ್ಕೆ ಕುರ್ಚಿ ಇರಲಿಲ್ಲ, ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಹುಡುಗರು ಕಲಿತರು. ಮೂವತ್ತು ವರ್ಷ ಸೇಲ್ಸ್ ಟ್ಯಾಕ್ಸ್ ಮಾಡಿದ ಹಿರಿಯರು, ಮೊನ್ನೆ ಮೊನ್ನೆ ಬಿಕಾಂ ಮುಗಿಸಿದ ಹುಡುಗಿಯಿಂದ ಲಾಗಿನ್ ಮಾಡುವುದು ಹೇಳಿಸಿಕೊಂಡರು. ಅದೇ ಹುಡುಗಿ ಅವರಿಂದ, ಅಧಿಕಾರಿ ಎದುರು ಎಷ್ಟು ಮಾತಾಡಬೇಕು, ಎಲ್ಲಿ ಬಾಯಿ ಮುಚ್ಚಬೇಕು ಅಂತ ಕಲಿತಳು. ಇವತ್ತು ಅವಳಿಗೆ ಬಿ.ಸಿ.ರೋಡಿನಲ್ಲಿ ಸ್ವಂತ ಆಫೀಸು. ಉದ್ಘಾಟನೆಗೆ ಬಂದಿರಲಿಲ್ಲ. ಫೋನ್ ಮಾಡಿದರೆ, "ಸರ್, ಸ್ಟೇಟ್‌ಬ್ಯಾಂಕಿಗೆ ಬಂದು ಅಲ್ಲಿಂದ ಇನ್ನೊಂದು ಬಸ್ಸು, ಮತ್ತೆ ಕೂಳೂರಿನ ಬ್ಲಾಕು. ನನ್ನ ಅರ್ಧ ದಿನ ಹೋಯ್ತಲ್ಲ" ಅಂದಳು.

ಅವಳು ಹೇಳಿದ್ದರಲ್ಲಿ ತಪ್ಪೇನುಂಟು? ಪಿವಿಎಸ್, ಲಾಲ್‌ಬಾಗ್, ಲೇಡಿಹಿಲ್, ಕೊಟ್ಟಾರ ಚೌಕಿ ಎಲ್ಲ ದಾಟಿ, ಸೇತುವೆ ಹತ್ತಿರ ಲಾರಿಗಳ ನಡುವೆ ಸಿಕ್ಕಿಕೊಂಡು, ಒಂದು ಸಂಶಯ ಕೇಳಲಿಕ್ಕೆ ಯಾರು ಬರುತ್ತಾರೆ? ಕಾರು ಇದ್ದವರು ಬರುತ್ತಾರೆ. ಅವರಿಗೆ ಸಂಶಯಗಳೇ ಇಲ್ಲ, ಅದು ಬೇರೆ ವಿಷಯ.

ಕಮಿಟಿಯ ಒಬ್ಬರಿಗೆ ಇದನ್ನೇ ಹೇಳಿದೆ. "ಡೀಸಿ ಆಫೀಸೇ ಪಡೀಲಿಗೆ ಹೋಗಿದೆ, ನಮ್ಮದೆಂತ ದೊಡ್ಡದು?" ಅಂದರು. ಅಲ್ಲ ಸ್ವಾಮಿ, ಡೀಸಿ ಆಫೀಸು ಪಡೀಲಿಗೆ ಹೋದರೂ ಜನ ಹೋಗಲೇಬೇಕು, ಬೇರೆ ದಾರಿ ಇಲ್ಲ. ನಿಮ್ಮ ಸಂಘಕ್ಕೆ ಬರಲೇಬೇಕು ಅಂತ ಯಾರ ಹಣೆಯಲ್ಲಿ ಬರೆದಿದೆ? ಇನ್ನೊಬ್ಬರು ವಾಟ್ಸಾಪಿನಲ್ಲಿ, "ವಿಜಯಾ ಬ್ಯಾಂಕೇ ಹೋಯಿತು, ನಿಮಗೆ ಎರಡು ಕಪಾಟಿನ ಚಿಂತೆ" ಅಂತ ಹಾಕಿದ್ದಾರೆ. 1931ರಲ್ಲಿ ಮಂಗಳೂರಲ್ಲಿ ಹುಟ್ಟಿದ ಬ್ಯಾಂಕು ಬೆಂಗಳೂರಿಗೆ ಹೋಗಿ, 2019ರಲ್ಲಿ ಬ್ಯಾಂಕ್ ಆಫ್ ಬರೋಡದವರ ಹೊಟ್ಟೆ ಸೇರಿದ್ದಕ್ಕೂ ನಮ್ಮ ಕಪಾಟಿಗೂ ಎಂತ ಸಂಬಂಧ ಅಂತ ನನಗೆ ಅರ್ಥ ಆಗಲಿಲ್ಲ. ನಗುವ ಇಮೋಜಿ ಮಾತ್ರ ತುಂಬಾ ಬಂತು.

ಕಪಾಟಿನ ಮಾತು ಬಂದಾಗ ಹೇಳಿಬಿಡುತ್ತೇನೆ. ಅದರಲ್ಲಿದ್ದ ಐಟಿಆರ್, ಎಸ್‌ಟಿಸಿ ಅಂದರೆ ಹಳೆ ತೆರಿಗೆ ತೀರ್ಪುಗಳ ವಾಲ್ಯೂಮುಗಳಲ್ಲಿ ಹೆಚ್ಚಿನವು ಗುಜರಿಗೆ ಹೋಗಿವೆ. ಕೇಳಿದ್ದಕ್ಕೆ, ಈಗ ಹೊಸ ಕಾಯಿದೆ ಬಂತಲ್ಲ ಅಂದರು. ಬಂದಿದೆ. 2025ರ ಆದಾಯ ತೆರಿಗೆ ಕಾಯಿದೆ ಜಾರಿಯಾಗಿದ್ದು 2026ರ ಏಪ್ರಿಲ್ 1ರಿಂದ. ಅದಕ್ಕಿಂತ ಹಿಂದಿನ ವರ್ಷಗಳ ಲೆಕ್ಕ, ಅಪೀಲು, ತಕರಾರು ಎಲ್ಲ ನಡೆಯುವುದು 1961ರ ಕಾಯಿದೆಯಲ್ಲೇ, ಅದೂ ಇನ್ನು ಎಷ್ಟೋ ವರ್ಷ. ಇದನ್ನು ತೆರಿಗೆ ಸಲಹೆಗಾರರಿಗೆ ನಾನು ಹೇಳಿಕೊಡಬೇಕಾ? ಎಲ್ಲ ತೀರ್ಪು ಆನ್‌ಲೈನಿನಲ್ಲಿ ಸಿಗುತ್ತದೆ ಅನ್ನುವವರು, ಅದರ ವರ್ಷದ ಚಂದಾ ಎಷ್ಟು ಅಂತ ಬೆಳ್ತಂಗಡಿಯ ಹೊಸ ಹುಡುಗನನ್ನು ಒಮ್ಮೆ ಕೇಳಲಿ.

ಹಿರಿಯರಿಗೆ ಮಂಡಿನೋವು, ಮೂರು ಮಾಳಿಗೆ ಹತ್ತಲಿಕ್ಕೆ ಆಗುವುದಿಲ್ಲ ಅನ್ನುವುದು ಸರಿಯಾದ ಮಾತು, ಒಪ್ಪಿದೆ. ಹಾಗಾದರೆ ಅದೇ ಕಟ್ಟಡದ ನೆಲ ಅಂತಸ್ತಿನಲ್ಲಿ ಬಟ್ಟೆ ಅಂಗಡಿ ಖಾಲಿಯಾಗಿ ಶಟರ್ ಎಳೆದುಕೊಂಡಿತ್ತಲ್ಲ, ಬಾಡಿಗೆ ಎಷ್ಟು ಅಂತ ಕೇಳಿದವರು ಯಾರು? ಯಾರೂ ಇಲ್ಲ. ಅಲ್ಲಿ ಪಾರ್ಕಿಂಗ್ ಇಲ್ಲ. ತಿರುಗಿ ತಿರುಗಿ ಅಲ್ಲಿಗೇ ಬಂತು ನೋಡಿ.

ಇನ್ನೊಂದು ವಾದವೂ ಉಂಟು. ಈಗ ಎಲ್ಲ ಫೇಸ್‌ಲೆಸ್, ನೋಟಿಸು ಪೋರ್ಟಲಿನಲ್ಲೇ ಬರುತ್ತದೆ, ಉತ್ತರವೂ ಅಲ್ಲೇ, ಯಾರು ಎಲ್ಲಿಗೆ ಹೋಗಬೇಕು? ಸರಿ. ಮುಂಚೆ ಅಧಿಕಾರಿಯ ಎದುರು ಕೂತು ನಾಲ್ಕು ಮಾತಾಡಿ ಬಿಡಿಸಿಕೊಳ್ಳುತ್ತಿದ್ದ ಗಂಟನ್ನು ಈಗ ಹುಡುಗರು ರಾತ್ರಿ ಹನ್ನೊಂದಕ್ಕೆ ಸ್ಕ್ರೀನ್ ಎದುರು ಒಬ್ಬರೇ ಕೂತು ಬಿಡಿಸಬೇಕು. ಅವರಿಗೆ ಹಿರಿಯರು ಜಾಸ್ತಿ ಬೇಕಾದದ್ದೇ ಈಗ.

ಒಂದು ವಿಷಯ ಹೇಳಿಯೇ ಬಿಡುತ್ತೇನೆ, ನಾಳೆ ಬೇರೆಯವರು ಹೇಳುವುದು ಬೇಡ. ನಾನಿರುವುದು ಕಾವೂರಿನಲ್ಲಿ. ಹೊಸ ಆಫೀಸು ನನಗೆ ಸ್ಕೂಟರಿನಲ್ಲಿ ಹತ್ತು ನಿಮಿಷ. ಮೂಲ್ಕಿ, ಪಡುಬಿದ್ರಿ ಕಡೆಯವರಿಗೂ ಅನುಕೂಲವೇ. ಆದರೂ ನನಗೆ ಸಿಟ್ಟು. ನನಗೆ ಮೊದಲ ಕ್ಲೈಂಟ್ ಸಿಕ್ಕಿದ್ದು ಆ ಮೂರನೇ ಮಾಳಿಗೆಯಲ್ಲಿ. ತಮಗೆ ಕೈತುಂಬ ಕೆಲಸ ಉಂಟು ಅಂತ ಹಿರಿಯರೊಬ್ಬರು ಒಂದು ಫೈಲ್ ನನ್ನ ಕಡೆ ತಳ್ಳಿದ್ದರು. ಅವರಿಗೆ ಕೆಲಸ ಇರಲಿಲ್ಲ ಅಂತ ನನಗೆ ಆಮೇಲೆ ಗೊತ್ತಾಯಿತು.

ಅಂದ ಹಾಗೆ, ವಿಳಾಸ ಬದಲಾದರೆ 15 ದಿನದೊಳಗೆ ಜಿಎಸ್‌ಟಿ ನೋಂದಣಿಯಲ್ಲಿ ತಿದ್ದುಪಡಿಗೆ ಅರ್ಜಿ ಹಾಕಬೇಕು ಅಂತ ಊರಿಗೆಲ್ಲ ಬುದ್ಧಿ ಹೇಳುವವರು ನಾವು. ಹೊಸ ಜಾಗಕ್ಕೆ ಹೋಗಿ ತಿಂಗಳು ದಾಟಿತು, ಉದ್ಘಾಟನೆ ಮಾತ್ರ ಇವತ್ತು. ಈಗ ಪೋರ್ಟಲಿನಲ್ಲಿ ನೋಡಿದೆ. ಸಂಘದ ವಿಳಾಸ ಇನ್ನೂ ಹಂಪನಕಟ್ಟೆ!

ಮಹಾಸಭೆಗೆ ನಾನೊಂದು ಠರಾವು ತರುತ್ತೇನೆ. ಜಿಎಸ್‌ಟಿ ರಿಟರ್ನ್ ತುಂಬುವ ವಾರ, ಅಂದರೆ ತಿಂಗಳ 20ನೇ ತಾರೀಕಿಗೆ ಮುಂಚಿನ ದಿನಗಳಲ್ಲಿ, ಹಂಪನಕಟ್ಟೆ ಆಸುಪಾಸಿನಲ್ಲಿ ಒಂದು ಕೋಣೆ, ಒಂದು ಮೇಜು, ಸರದಿಯಲ್ಲಿ ಒಬ್ಬ ಹಿರಿಯರು. ಎಸಿ ಬೇಡ. ಖರ್ಚು ಜಾಸ್ತಿಯಾದರೆ ಅಧ್ಯಕ್ಷರ ಚೇಂಬರಿನ ಸೋಫಾ ಮಾರಿ. ಅನುಮೋದಿಸುವವರು ಇಲ್ಲಿ ಲೈಕ್ ಒತ್ತಿದರೆ ಸಾಲದು, ಸಭೆಗೆ ಬಂದು ಕೈ ಎತ್ತಬೇಕು. ಸಭೆ ಕೂಳೂರಿನಲ್ಲೇ. ಬಸ್ಸಿನಲ್ಲಿ ಬರುವವರು ಬೇಗ ಹೊರಡಿ.