ನಿಮ್ಮ ಕೆಲಸ ಗೊತ್ತಾದರೆ ನಿಮ್ಮ ಪಕ್ಷವೂ ಗೊತ್ತಾಗುತ್ತಾ?

ಪರ: ಕೂತ ಕುರ್ಚಿಯೇ ವೋಟು ಹಾಕುತ್ತದೆ

ಹನ್ನೊಂದು ವರ್ಷ ನಾನು ಮೇಷ್ಟ್ರಾಗಿದ್ದೆ. ತಿಂಗಳ ಕೊನೆಗೆ ಸಂಬಳ ತಾನಾಗಿ ಬರುತ್ತಿತ್ತು. ಸರ್ಕಾರ ಇನ್ನೂ ಜಾಸ್ತಿ ಖರ್ಚು ಮಾಡಬೇಕು, ತೆರಿಗೆಗೆ ಗೊಣಗುವವರು ಸ್ವಾರ್ಥಿಗಳು ಅನ್ನುವುದು ಆಗ ನನ್ನ ಖಚಿತ ಅಭಿಪ್ರಾಯ. ಆಮೇಲೆ ಕೆಲಸ ಬಿಟ್ಟು ಸಣ್ಣದೊಂದು ಪ್ರಿಂಟಿಂಗ್ ಪ್ರೆಸ್ ಹಾಕಿದೆ. ಕೆಲಸಕ್ಕೆ ನಾಲ್ಕು ಜನ. ಮೊದಲ ವರ್ಷವೇ ನನ್ನ ಮಾತು ಬದಲಾಯಿತು. ಎರಡನೇ ಚುನಾವಣೆಯ ಹೊತ್ತಿಗೆ ವೋಟೂ ಬದಲಾಯಿತು. "ಮೇಷ್ಟ್ರಾಗಿದ್ದಾಗ ಯಾರನ್ನ ಬೈತಿದ್ದಿರೋ ಈಗ ಅವರ ಥರಾನೇ ಮಾತಾಡ್ತೀರಲ್ರೀ" ಅಂದಳು ಹೆಂಡತಿ. ನನಗೆ ಉತ್ತರ ಹೊಳೆಯಲಿಲ್ಲ.

ಈಗ ಹೊಳೆದಿದೆ. ನಾವು ದಿನಕ್ಕೆ ಎಂಟು ಹತ್ತು ಗಂಟೆ ಮಾಡುವ ಕೆಲಸ ನಮ್ಮನ್ನು ಸುಮ್ನೆ ಬಿಡುವುದಿಲ್ಲ. ಯಾರ ಮಾತು ಕೇಳಬೇಕು, ಯಾರಿಗೆ ಹೇಳಬೇಕು, ತಪ್ಪಾದರೆ ಯಾರ ಜೇಬಿನಿಂದ ಹಣ ಹೋಗುತ್ತದೆ, ಇದನ್ನೆಲ್ಲ ಅದು ಕಲಿಸುತ್ತದೆ. ಅದೇ ಪಾಠವನ್ನು ಮನೆಗೂ ತರುತ್ತೇವೆ, ಮತಗಟ್ಟೆಗೂ ಒಯ್ಯುತ್ತೇವೆ.

ಇದು ನನ್ನೊಬ್ಬನ ಕಥೆಯಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಮೆಲ್ವಿನ್ ಕೋನ್ 1950 ಮತ್ತು 60ರ ದಶಕಗಳಲ್ಲಿ ಅಪ್ಪ ಅಮ್ಮಂದಿರನ್ನು ಕೇಳಿದ್ದು ಒಂದು ಸರಳ ಪ್ರಶ್ನೆ: ಮಕ್ಕಳಲ್ಲಿ ನಿಮಗೆ ಯಾವ ಗುಣ ಬೇಕು? ಮೇಲಿನವರ ಕಣ್ಣೆದುರು, ಹೇಳಿದಷ್ಟನ್ನೇ ಮಾಡುವ ಕೆಲಸದಲ್ಲಿದ್ದವರು ವಿಧೇಯತೆ ಬೇಕು ಅಂದರು. ಕೆಲಸದಲ್ಲಿ ತಾವೇ ತೀರ್ಮಾನ ತೆಗೆದುಕೊಳ್ಳುವವರು ಸ್ವಂತ ಯೋಚನೆ ಬೇಕು ಅಂದರು. ಮೌಲ್ಯ ಅಂತ ನಾವು ಏನನ್ನು ಎತ್ತಿ ಹಿಡಿಯುತ್ತೇವೋ ಅದರಲ್ಲಿ ಅರ್ಧ ನಮ್ಮ ಹಾಜರಿ ಪುಸ್ತಕದಿಂದ ಬಂದದ್ದು.

ಆದಾಯ ಒಂದನ್ನೇ ನೋಡಿದರೆ ಇದು ಕಾಣುವುದಿಲ್ಲ. ಸ್ವಿಟ್ಜರ್ಲೆಂಡಿನ ಸಮಾಜಶಾಸ್ತ್ರಜ್ಞ ಡೇನಿಯಲ್ ಓಶ್ ಮಧ್ಯಮ ವರ್ಗವನ್ನು ಸಂಬಳದ ಲೆಕ್ಕ ಬಿಟ್ಟು, ಕೆಲಸದ ಬಗೆಯಿಂದ ವಿಂಗಡಿಸಿದರು. ಮೇಷ್ಟ್ರು, ನರ್ಸ್, ಸಮಾಜ ಸೇವೆಯವರು ಮನುಷ್ಯರ ಜೊತೆ ಏಗುವವರು. ಎಂಜಿನಿಯರು ಯಂತ್ರದ ಜೊತೆ. ಮ್ಯಾನೇಜರು ಸಂಸ್ಥೆಯ ಲಾಭ ನಷ್ಟದ ಜೊತೆ. ಪಶ್ಚಿಮ ಯುರೋಪಿನಲ್ಲಿ ಮೊದಲ ಗುಂಪು ಎಡಪಂಥದ ಪಕ್ಷಗಳ ಕಡೆ ವಾಲುತ್ತದೆ, ಮ್ಯಾನೇಜರುಗಳು ಬಲಪಂಥದ ಕಡೆ.

ಇನ್ನೂ ನಂಬಿಕೆ ಬರಲಿಲ್ಲವಾ? ಅಮೆರಿಕದಲ್ಲಿ ಸಂಸತ್ತು ಅಥವಾ ಅಧ್ಯಕ್ಷ ಚುನಾವಣೆಗೆ 200 ಡಾಲರ್ ಮೀರಿ ದೇಣಿಗೆ ಕೊಟ್ಟವರ ಹೆಸರಿನ ಜೊತೆ ಅವರ ಉದ್ಯೋಗವೂ ದಾಖಲಾಗುತ್ತದೆ. ಆ ಕಡತ ತೆರೆದು ನೋಡಿದರೆ ಪ್ರೊಫೆಸರುಗಳ ಹಣ ಎಡಕ್ಕೆ ಒಲಿದ ಡೆಮಾಕ್ರಟಿಕ್ ಪಕ್ಷದ ಕಡೆ, ತೈಲ ಉದ್ಯಮದವರ ಹಣ ಬಲಕ್ಕೆ ಒಲಿದ ರಿಪಬ್ಲಿಕನ್ ಪಕ್ಷದ ಕಡೆ ಹರಿಯುವುದು ಎದ್ದು ಕಾಣುತ್ತದೆ. ಡಾಕ್ಟರುಗಳದ್ದು ಇನ್ನೂ ಸೊಗಸು. 1991ರಿಂದ 2012ರವರೆಗಿನ ಅವರ ದೇಣಿಗೆಯನ್ನು ರಾಜ್ಯಶಾಸ್ತ್ರಜ್ಞ ಆಡಮ್ ಬೋನಿಕಾ ಮತ್ತು ಸಂಗಡಿಗರು ಅಳೆದು 2014ರಲ್ಲಿ ಪ್ರಕಟಿಸಿದರು. ಶಸ್ತ್ರಚಿಕಿತ್ಸಕರು ರಿಪಬ್ಲಿಕನ್ ಕಡೆ, ಮಕ್ಕಳ ಡಾಕ್ಟರುಗಳು ಡೆಮಾಕ್ರಟಿಕ್ ಕಡೆ ಹೆಚ್ಚು. ಓದಿದ್ದು ಒಂದೇ ಥರದ ಕಾಲೇಜು, ತೊಟ್ಟಿದ್ದು ಅದೇ ಬಿಳಿ ಕೋಟು. ಕೈ ಮಾಡುವ ಕೆಲಸ ಬೇರೆ, ಹಣ ಹೋಗುವ ದಿಕ್ಕೂ ಬೇರೆ.

ಮನುಷ್ಯ ಸ್ವತಂತ್ರ, ಮನಸ್ಸಾಕ್ಷಿ ಹೇಳಿದಂತೆ ವೋಟು ಹಾಕುತ್ತಾನೆ ಅನ್ನುವವರು ಇದ್ದಾರೆ. ಇರಲಿ, ಪಾಪ. ಅವರ ಮನಸ್ಸಾಕ್ಷಿಗೂ ಯಾರೋ ಸಂಬಳ ಕೊಡುತ್ತಿರುತ್ತಾರೆ. ಮೌಲ್ಯ ನೋಡಿಯೇ ಜನ ಕೆಲಸ ಆರಿಸಿಕೊಳ್ಳುತ್ತಾರೆ ಅನ್ನುವವರೂ ಉಂಟು. ಕೋಳಿ ಮೊದಲೋ ಮೊಟ್ಟೆ ಮೊದಲೋ ಅನ್ನುವ ಆ ಜಗಳಕ್ಕೆ ನಾನು ಇಳಿಯುವುದಿಲ್ಲ.

ಅದರ ಬದಲು ಒಂದು ದಿನದ ಸಂಗತಿ ಹೇಳುತ್ತೇನೆ. ಕ್ಯಾಲೆಂಡರ್ ಸೀಸನ್. ಯಂತ್ರಕ್ಕೆ ಬಿಡುವಿಲ್ಲ. ಸಂಬಳದ ವಿಚಾರಕ್ಕೆ ಮೆರವಣಿಗೆ ಇದೆ, ಅರ್ಧ ದಿನ ರಜೆ ಕೊಡಿ ಅಂತ ನಾಲ್ವರೂ ಬಂದು ನಿಂತರು. "ಮೆರವಣಿಗೆಯಿಂದ ಯಾರ ಹೊಟ್ಟೆ ತುಂಬಿದೆ?" ಅಂದೆ. ಅವರು ತಿರುಗಿ ಮಾತಾಡದೆ ಯಂತ್ರದ ಕಡೆ ಹೋದರು. ಆಮೇಲೆ ನೆನಪಾಯಿತು. ಅಂಥದ್ದೇ ಮೆರವಣಿಗೆಯಲ್ಲಿ, ಅದೇ ಬೇಡಿಕೆಗೆ, ಮೇಷ್ಟ್ರಾಗಿದ್ದಾಗ ನಾನು ಮುಂದಿನ ಸಾಲಿನಲ್ಲಿ ಬಾವುಟ ಹಿಡಿದು ನಡೆದಿದ್ದೆ. ಕೂಗಿ ಕೂಗಿ ಎರಡು ದಿನ ಗಂಟಲು ಕಟ್ಟಿತ್ತು. ಹೇಳಿ, ನಡುವೆ ಬದಲಾದದ್ದೇನು? ನನಗಂತೂ ಕೆಲಸ ಬಿಟ್ಟು ಬೇರೇನೂ ಕಾಣುವುದಿಲ್ಲ. ರಜೆ ಮಾತ್ರ ಕೊಡಲಿಲ್ಲ.

ವಿರೋಧ: ಒಂದೇ ವಾರ್ಡ್, ಎರಡು ವೋಟು

ವಿರೋಧಕ್ಕೆ ಯಾರೂ ಸಿಕ್ಕಿಲ್ಲ, ನೀವು ಬರೆಯುತ್ತೀರಾ ಅಂತ ಕೇಳಿದರು. ಒಪ್ಪಿಕೊಂಡೆ. ಕೆಲಸಕ್ಕೂ ಪಕ್ಷಕ್ಕೂ ನಂಟೇ ಇಲ್ಲ ಅಂತ ನಾನು ಆಣೆ ಮಾಡಿ ಹೇಳಲಾರೆ. ಆದರೆ ಪರ ಬರೆಯುವವರ ಮಾತು ಪೂರ್ತಿ ನಿಜವಾದರೆ ಚುನಾವಣೆಯೇ ಬೇಡ, ಅಲ್ವಾ? ಸಂಬಳದ ಚೀಟಿ ಎಣಿಸಿ ಸರ್ಕಾರ ಮಾಡಿಬಿಡಬಹುದು.

ಮೊದಲು ಗಣಿ ಕಾರ್ಮಿಕರನ್ನು ನೋಡೋಣ. ಅಮೆರಿಕದ ವೆಸ್ಟ್ ವರ್ಜೀನಿಯಾ ಕಲ್ಲಿದ್ದಲಿನ ರಾಜ್ಯ. 1996ರಲ್ಲಿ ಅಲ್ಲಿ ಡೆಮಾಕ್ರಟಿಕ್ ಪಕ್ಷದ ಕ್ಲಿಂಟನ್ ಗೆದ್ದರು, 2000ದಲ್ಲಿ ರಿಪಬ್ಲಿಕನ್ ಪಕ್ಷದ ಬುಷ್ ಗೆದ್ದರು. ಆಮೇಲೆ ಅಧ್ಯಕ್ಷ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷ ಅಲ್ಲಿ ಗೆದ್ದಿದ್ದೇ ಇಲ್ಲ. ಗಣಿ ಅದೇ, ಹೆಲ್ಮೆಟ್ಟಿನ ದೀಪ ಅದೇ, ಪಕ್ಷ ಬೇರೆ. ಕಲ್ಲಿದ್ದಲಿನ ಮೇಲೆ ಬಂದ ಪರಿಸರದ ನಿಯಮಗಳಿಗೂ ಇದರಲ್ಲಿ ಪಾಲಿದೆ ಅನ್ನುತ್ತಾರೆ. ಅದು ನನ್ನ ವಾದಕ್ಕೆ ಸ್ವಲ್ಪ ತೊಂದರೆ, ಹಾಗಾಗಿ ಬ್ರಿಟನ್ನಿಗೆ ಹೋಗೋಣ.

ಲೇಬರ್ ಪಕ್ಷ 1900ರಲ್ಲಿ ಹುಟ್ಟಿದ್ದೇ ಕಾರ್ಮಿಕ ಸಂಘಗಳ ಆಸರೆಯಿಂದ. ಬೋಲ್ಸೋವರ್ ಅನ್ನುವ ಗಣಿ ಕ್ಷೇತ್ರ 1950ರಿಂದ ಆ ಪಕ್ಷದ ಕೈಯಲ್ಲಿತ್ತು. 1990ರ ದಶಕದಲ್ಲಿ ಬೋಲ್ಸೋವರ್ ಗಣಿ ಮುಚ್ಚಿತು. ಆದರೂ ಕ್ಷೇತ್ರ ಬಲಪಂಥದ ಕನ್ಸರ್ವೇಟಿವ್ ಪಕ್ಷಕ್ಕೆ ಹೋಗಿದ್ದು 2019ರಲ್ಲಿ. ಅಂದರೆ ಕೆಲಸ ಹೋದ ಮೇಲೂ ಕಾಲು ಶತಮಾನ ವೋಟು ಕದಲಲಿಲ್ಲ. ಅದನ್ನು ಅಷ್ಟು ದಿನ ಹಿಡಿದಿಟ್ಟಿದ್ದು ಮನೆಯ ಮಾತು, ಅಪ್ಪನ ಅಭ್ಯಾಸ. 1965ರಲ್ಲಿ ಅಮೆರಿಕದ ಹೈಸ್ಕೂಲು ಮಕ್ಕಳನ್ನೂ ಅವರ ತಂದೆ ತಾಯಿಯರನ್ನೂ ರಾಜ್ಯಶಾಸ್ತ್ರಜ್ಞರಾದ ಜೆನಿಂಗ್ಸ್ ಮತ್ತು ನೀಮಿ ಒಟ್ಟಿಗೆ ಸಮೀಕ್ಷೆ ಮಾಡಿದಾಗ, ಹೆತ್ತವರ ಪಕ್ಷವೇ ತಮ್ಮ ಪಕ್ಷ ಅಂದವರೇ ಜಾಸ್ತಿ ಇದ್ದರು. ಆ ಮಕ್ಕಳು ಇನ್ನೂ ಕೆಲಸಕ್ಕೇ ಸೇರಿರಲಿಲ್ಲ.

ದೇಣಿಗೆಯ ಪಟ್ಟಿ ತೋರಿಸುವವರಿಗೆ ಒಂದೇ ಮಾತು. ಪಕ್ಷಕ್ಕೆ ಹಣ ಕೊಡುವವರು ಮತದಾರರಲ್ಲಿ ಸಣ್ಣ ಪಾಲು. ಅವರನ್ನು ನೋಡಿ ಎಲ್ಲರ ಬಗ್ಗೆ ಹೇಳಬಾರದು. ಕೆಲಸ ಬದಲಾದ ಮೇಲೆ ವೋಟು ಬದಲಾಯಿಸಿದವರೂ ಸಿಗುತ್ತಾರೆ, ನಿಜ. ವಯಸ್ಸೂ ಆಗಿರುತ್ತದಲ್ಲ.

ಇಷ್ಟಕ್ಕೂ ನನ್ನ ನಿಜವಾದ ಸಾಕ್ಷಿ ನನ್ನ ಅಕ್ಕ. ಇಬ್ಬರೂ ನರ್ಸ್. ಒಂದೇ ಆಸ್ಪತ್ರೆ, ಸಂಬಳದಲ್ಲಿ ಅಂಥ ವ್ಯತ್ಯಾಸವಿಲ್ಲ. ವೋಟು ಮಾತ್ರ ಎಂದೂ ಒಂದಾಗಿಲ್ಲ. ಒಂದು ರಾತ್ರಿ ಹನ್ನೊಂದೂವರೆಗೆ ಒಬ್ಬ ಹುಡುಗ ದೂರದಿಂದ ಬಂದ, ಅವನ ಅಪ್ಪ ನಮ್ಮ ವಾರ್ಡಿನಲ್ಲಿದ್ದರು. ಭೇಟಿಯ ಸಮಯ ಮುಗಿದು ಎಷ್ಟೋ ಹೊತ್ತಾಗಿತ್ತು. ನಾನು ಒಳಗೆ ಬಿಟ್ಟೆ. ಅಕ್ಕ ಉರಿದುಬಿದ್ದಳು. "ಇವನೊಬ್ಬನಿಗೆ ಬಿಟ್ಟರೆ ನಾಳೆ ಎಲ್ಲರೂ ಬರ್ತಾರೆ, ಉಳಿದ ರೋಗಿಗಳು ನಿದ್ದೆ ಮಾಡೋದು ಬೇಡ್ವಾ?" ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ನಾನು ಮಾಡಿದ್ದರಲ್ಲೂ ತಪ್ಪಿಲ್ಲ ಅಂತ ಈಗಲೂ ಅನ್ನಿಸುತ್ತದೆ.

ಮನಃಶಾಸ್ತ್ರಜ್ಞ ಜೊನಾಥನ್ ಹೈಟ್ ಮತ್ತು ಜೊತೆಗಾರರು ನಮ್ಮ ಸರಿ ತಪ್ಪುಗಳ ಕೆಳಗೆ ಐದು ಬೇರುಗಳನ್ನು ಗುರುತಿಸಿದರು: ಕಾಳಜಿ, ನ್ಯಾಯ, ನಿಷ್ಠೆ, ಹಿರಿತನಕ್ಕೆ ಗೌರವ, ಪಾವಿತ್ರ್ಯ. ಎಡದವರು ಮೊದಲ ಎರಡಕ್ಕೆ ಹೆಚ್ಚು ತೂಕ ಕೊಡುತ್ತಾರೆ, ಬಲದವರು ಐದಕ್ಕೂ ಹೆಚ್ಚು ಕಡಿಮೆ ಸಮನಾಗಿ. ಅಕ್ಕನಿಗೆ ಐದೂ ಬೇಕು. ಇವು ಅವಳಿಗೆ ವಾರ್ಡಿನಲ್ಲಿ ಹತ್ತಿದ್ದಲ್ಲ. ಏಳು ವರ್ಷದವಳಿದ್ದಾಗಲೇ ಆಟದಲ್ಲಿ ಗೆರೆ ತುಳಿದರೆ ನನ್ನನ್ನು ಔಟ್ ಮಾಡುತ್ತಿದ್ದಳು, ನಾನು ಎಷ್ಟು ಅತ್ತರೂ.

ಕಳೆದ ಸಲ ನೈಟ್ ಶಿಫ್ಟ್ ಮುಗಿಸಿ, ಯೂನಿಫಾರ್ಮಿನಲ್ಲೇ ಇಬ್ಬರೂ ಮತಗಟ್ಟೆಗೆ ಹೋದೆವು. ಸಾಲಿನಲ್ಲಿ ನಿಂತು ಆಕಳಿಸುತ್ತಾ ಅಕ್ಕ ಅಂದಳು: "ನಿನ್ನ ವೋಟು ನನ್ನದನ್ನ ಹೊಡೆದುಹಾಕುತ್ತೆ. ಇಬ್ಬರೂ ಮನೆಗೆ ಹೋಗಿ ಮಲಗಿದ್ರೂ ಲೆಕ್ಕ ಒಂದೇ. ಹೋಗೋಣ ಬಾರೇ." ನಾನು "ಸರಿ, ಮೊದಲು ನೀನು ಸಾಲು ಬಿಡು" ಅಂದೆ. ಅವಳು ಬಿಡಲಿಲ್ಲ.