ಅಡಿಕೆ ದುಡ್ಡು ವರ್ಷಕ್ಕೊಮ್ಮೆ, ಆರೈಕೆಯ ಖರ್ಚು ಪ್ರತಿ ತಿಂಗಳು
ಹಿರಿಯರ ದೀರ್ಘಕಾಲದ ಆರೈಕೆಗೆ ಆರೋಗ್ಯ ವಿಮೆಯೇ ಪರಿಹಾರ ಎಂಬ ಲೇಖನದ ವಾದವನ್ನು ಪೂರ್ತಿಯಾಗಿ ಒಪ್ಪಲಾರೆ. 2024ರಲ್ಲಿ 70 ವರ್ಷ ದಾಟಿದ ಎಲ್ಲರಿಗೂ ವಿಸ್ತರಿಸಲಾದ ಆಯುಷ್ಮಾನ್ ಭಾರತ್ ಯೋಜನೆಯೂ ಸೇರಿದಂತೆ ನಮ್ಮ ವಿಮೆಗಳು ಮುಖ್ಯವಾಗಿ ಭರಿಸುವುದು ಆಸ್ಪತ್ರೆಯ ಒಳರೋಗಿ ಚಿಕಿತ್ಸೆಯನ್ನು. ಲಕ್ವ ಹೊಡೆದು ಹಾಸಿಗೆ ಹಿಡಿದವರನ್ನು ಮನೆಗೆ ಕರೆತಂದ ಮೇಲೆ ಬೇಕಾಗುವ ಹೋಮ್ ನರ್ಸ್, ಡೈಪರ್, ಫಿಸಿಯೋಥೆರಪಿ ಅಥವಾ ವೃದ್ಧಾಶ್ರಮದ ಮಾಸಿಕ ಶುಲ್ಕ ಸಾಮಾನ್ಯವಾಗಿ ಅದರಲ್ಲಿ ಬರುವುದಿಲ್ಲ.

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅತ್ತೆಯವರನ್ನು ನಾಲ್ಕು ವರ್ಷ ನೋಡಿಕೊಂಡಾಗ ಇದು ಅರಿವಾಯಿತು. ಅಡಿಕೆಯ ಹಣ ಕೈಸೇರುವುದು ಕೊಯ್ಲು ಮುಗಿದು ಮಾಲು ಮಂಡಿಗೆ ಹೋದ ಮೇಲೆ. ಕೊಳೆರೋಗ ಬಂದ ವರ್ಷ ಅದೂ ಅರ್ಧ. ನರ್ಸಿನ ಸಂಬಳವಾದರೋ ಒಂದನೇ ತಾರೀಖಿಗೇ ಸಿದ್ಧವಿರಬೇಕು, ಹಾಗಾಗಿ ಮಂಡಿಯಲ್ಲಿ ಮುಂಗಡ ಪಡೆಯದೆ ನಮಗೆ ಬೇರೆ ದಾರಿಯಿರಲಿಲ್ಲ. (ಮಳೆಗಾಲದಲ್ಲಿ ನಮ್ಮೂರಿಗೆ ಬರಲು ಒಪ್ಪುವ ನರ್ಸ್ ಸಿಗುವುದೇ ಇನ್ನೊಂದು ಕಥೆ.)

ಹಿರಿಯ ನಾಗರಿಕರ 2007ರ ಕಾಯ್ದೆಯನ್ನು ಲೇಖನ ಪ್ರಸ್ತಾಪಿಸಬೇಕಿತ್ತು. ಅದರಲ್ಲಿ ಹೆತ್ತವರಿಗೆ ಮಕ್ಕಳು ಕೊಡಬೇಕಾದ ಜೀವನಾಂಶದ ಗರಿಷ್ಠ ಮಿತಿ ತಿಂಗಳಿಗೆ 10,000 ರೂಪಾಯಿ. ಪೂರ್ಣಾವಧಿ ಆರೈಕೆಗೆ ಅದು ಏನೇನೂ ಸಾಲದು. ಆದರೆ ಅದರ 23ನೇ ಕಲಂ ಹೆಚ್ಚು ಉಪಯುಕ್ತ: ನೋಡಿಕೊಳ್ಳಬೇಕೆಂಬ ಷರತ್ತಿನೊಂದಿಗೆ ತೋಟವನ್ನು ದಾನಪತ್ರ ಮಾಡಿಕೊಟ್ಟ ಮೇಲೆ ಮಕ್ಕಳು ಕೈಬಿಟ್ಟರೆ, ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಯ ಮೂಲಕ ಅದನ್ನು ರದ್ದುಪಡಿಸಲು ಅವಕಾಶವಿದೆ. ಷರತ್ತು ಬಾಯಿಮಾತಿನಲ್ಲಿ ಉಳಿಯದೆ ಪತ್ರದಲ್ಲೇ ಸ್ಪಷ್ಟವಾಗಿರಬೇಕು. ನಮ್ಮ ಕಡೆ ಪತ್ರ ಬರೆಸುವಾಗ ಸಂಕೋಚಕ್ಕೆ ಬಿಟ್ಟುಬಿಡುವುದು ಆ ಒಂದು ಸಾಲನ್ನೇ.